ಹವಾನಿಯಂತ್ರಣ ಯಂತ್ರಗಳೂ ಶೀತಕದ ಸೋರಿಕೆಯೂ

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿದೊಡನೆಯೇ ನಮ್ಮ ಪಟ್ಟಣಗಳ ಮನೆಮನೆಗಳಲ್ಲಿ ಒಂದು ಮಾತು ಕೇಳಿಬರಲಾರಂಭಿಸುತ್ತದೆ. "ಎ.ಸಿ. ತಣ್ಣಗಾಗುತ್ತಿಲ್ಲ, ಗ್ಯಾಸು ಮುಗಿದಿರಬೇಕು, ತುಂಬಿಸಿಬಿಡೋಣ" ಎಂಬುದೇ ಆ ಮಾತು. ಮೆಕ್ಯಾನಿಕನು ಬರುತ್ತಾನೆ, ಸಿಲಿಂಡರಿನಿಂದ ಯಂತ್ರಕ್ಕೆ ಕೊಳವೆ ಸಿಕ್ಕಿಸುತ್ತಾನೆ, ಅರ್ಧ ಗಂಟೆಯಲ್ಲಿ ಕೋಣೆ ತಂಪಾಗುತ್ತದೆ, ಗೃಹಸ್ಥನು ಕೇಳಿದಷ್ಟು ಹಣವನ್ನು ಎಣಿಸಿಕೊಟ್ಟು ನಿಶ್ಚಿಂತನಾಗುತ್ತಾನೆ. ಮರುವರ್ಷ ಅದೇ ಮಾತು, ಅದೇ ಸಿಲಿಂಡರು, ಅದೇ ಖರ್ಚು. ಯುಗಾದಿಯ ಬೇವುಬೆಲ್ಲದಂತೆ ಇದೂ ವರ್ಷಕ್ಕೊಮ್ಮೆ ನಡೆಯತಕ್ಕ ವಿಧಿಯೆಂಬ ಭಾವನೆ ಜನರಲ್ಲಿ ಬೇರೂರುತ್ತಿರುವುದನ್ನು ಕಂಡು, ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ಏಕೆಂದರೆ ಈ ಯಂತ್ರದೊಳಗಿನ ಗ್ಯಾಸು ಬಳಸಿದಂತೆಲ್ಲ ಮುಗಿಯುವ ವಸ್ತುವೇ ಅಲ್ಲ. ಅದು ಕಡಮೆಯಾಗಿದ್ದರೆ ಎಲ್ಲಿಯೋ ಸೋರಿಹೋಗಿರಬೇಕು. ಇಲ್ಲವೆ ಯಂತ್ರವನ್ನು ಕೂಡಿಸಿದ ದಿನವೇ ಅಥವಾ ದುರಸ್ತಿ ಮಾಡಿದ ದಿನವೇ ಅದನ್ನು ಸರಿಯಾಗಿ ತುಂಬಿರಲಿಲ್ಲ. ಮೂರನೆಯ ಕಾರಣವೊಂದಿಲ್ಲ.

ಧನಿಕರ ಭೋಗಸಾಮಗ್ರಿಯ ಚರ್ಚೆಗೆ ಪತ್ರಿಕೆಯ ಈ ಅಂಕಣವೇಕೆಂದು ಕೆಲವರು ಕೇಳಬಹುದು. ಆ ಕಾಲ ಹಿಂದಾಯಿತು. ಕಲಬುರಗಿ ರಾಯಚೂರುಗಳಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿಯನ್ನು ಮೀರುವುದು ಹೊಸತಲ್ಲ. ಬೀಸಣಿಗೆಯ ಯಂತ್ರವೂ ಬೇಡವೆನ್ನುತ್ತಿದ್ದ ಬೆಂಗಳೂರಿನಲ್ಲಿಯೇ 2016ರ ಏಪ್ರಿಲಿನಲ್ಲಿ ಉಷ್ಣತೆ 39 ಡಿಗ್ರಿಯನ್ನು ದಾಟಿತು. ವೃದ್ಧರೂ ರೋಗಿಗಳೂ ಹಸುಗೂಸುಗಳೂ ಇರುವ ಸಾಮಾನ್ಯ ನೌಕರನ ಮನೆಯವರು ಸಹ ಇಂದು ಕಂತಿನ ಮೇಲೆ ಈ ಯಂತ್ರವನ್ನು ತರುತ್ತಿದ್ದಾರೆ. ಅಂಥವರ ಕಿಸೆಗೆ ವರ್ಷವರ್ಷವೂ ಬೀಳುವ ಅನಾವಶ್ಯಕವಾದ ಪೆಟ್ಟು ಸಾರ್ವಜನಿಕ ವಿಷಯವೇ ಆಗಿದೆ.

ಯಂತ್ರದ ಮರ್ಮವನ್ನು ತಿಳಿಯುವುದು ಕಷ್ಟವಲ್ಲ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಿರುವುದೇಕೆಂಬುದನ್ನು ಎಲ್ಲರೂ ಬಲ್ಲರು. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸುವುದೂ ಇದೇ ತತ್ತ್ವದ ಮೇಲೆ. ಎ.ಸಿ. ಯಂತ್ರದಲ್ಲಿ ನೀರಿನ ಬದಲು ಅತಿ ಕಡಮೆ ಉಷ್ಣತೆಯಲ್ಲಿಯೇ ಕುದಿದು ಆವಿಯಾಗುವ ಒಂದು ದ್ರವ್ಯವಿರುತ್ತದೆ. ಇದಕ್ಕೆ ಶೀತಕವೆಂದು ಹೆಸರು. ಈಗಿನ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ ಆರ್-32 ಎಂಬ ಶೀತಕವು ಸಾಧಾರಣ ವಾಯುಭಾರದಲ್ಲಿ ಸೊನ್ನೆಗಿಂತ ಸುಮಾರು 52 ಡಿಗ್ರಿ ಕೆಳಗೇ ಕುದಿಯುತ್ತದೆ. ಕೋಣೆಯೊಳಗಿನ ಘಟಕದ ಸುರುಳಿ ಕೊಳವೆಗಳಲ್ಲಿ ಅದು ಆವಿಯಾಗುತ್ತ ಕೋಣೆಯ ಶಾಖವನ್ನು ಹೀರುತ್ತದೆ. ಹೊರಗಿನ ಘಟಕದಲ್ಲಿರುವ ಕಂಪ್ರೆಸರು ಆ ಆವಿಯನ್ನು ಒತ್ತಿ ಬಿಸಿಮಾಡುತ್ತದೆ. ಅಲ್ಲಿಯ ಸುರುಳಿಯಲ್ಲಿ ಅದು ತನ್ನ ಶಾಖವನ್ನು ಬೀದಿಯ ಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಆ ಮೇಲೆ ಸಣ್ಣ ರಂಧ್ರವೊಂದನ್ನು ಹಾಯ್ದು, ಒತ್ತಡ ಕಳೆದುಕೊಂಡು ತಣ್ಣಗಾಗಿ, ಪುನಃ ಒಳಕ್ಕೆ ಬರುತ್ತದೆ. ಹೀಗೆ ಹೋಗುವುದೂ ಅದೇ, ಬರುವುದೂ ಅದೇ. ಗಡಿಗೆಯ ನೀರು ಗಾಳಿಯ ಪಾಲಾಗುತ್ತದೆ, ಆದ್ದರಿಂದ ದಿನವೂ ತುಂಬಬೇಕು. ಈ ಶೀತಕವಾದರೋ ತಾಮ್ರದ ಕೊಳವೆಗಳ ಮುಚ್ಚಿದ ಆವರಣದಲ್ಲಿ ಸುತ್ತುತ್ತಲೇ ಇರುತ್ತದೆ. ಆವರಣವು ಭದ್ರವಾಗಿದ್ದರೆ ಯಂತ್ರದ ಆಯುಷ್ಯವಿರುವವರೆಗೂ ಒಮ್ಮೆ ತುಂಬಿದ ಶೀತಕವೇ ಸಾಕು.

ಜನರ ತಪ್ಪು ತಿಳಿವಳಿಕೆಗೆ 'ಗ್ಯಾಸು' ಎಂಬ ಶಬ್ದವೇ ಅರ್ಧ ಕಾರಣವೆಂದು ನಮಗೆ ತೋರುತ್ತದೆ. ಅಡುಗೆಮನೆಯ ಗ್ಯಾಸು ಉರಿದು ಮುಗಿಯುತ್ತದೆ. ಸಿಲಿಂಡರು ಬರಿದಾದರೆ ಮತ್ತೊಂದು ಬರುತ್ತದೆ. ಎ.ಸಿ.ಯ ಗ್ಯಾಸೂ ಹಾಗೆಯೇ ಎಂದು ಗೃಹಿಣಿಯೂ ಗೃಹಸ್ಥನೂ ನಂಬಿದರೆ ಅವರನ್ನು ದೂರುವಂತಿಲ್ಲ. ಆದರೆ ಅದು ಉರಿಯುವ ಇಂಧನವಲ್ಲ. ಶಾಖವನ್ನು ಹೊತ್ತು ಹೊರಗೆ ಹಾಕುವ ಆಳು. ಯಂತ್ರವನ್ನು ನಡೆಸುವ ಶಕ್ತಿ ಬರುವುದು ವಿದ್ಯುತ್ತಿನಿಂದ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ, "ಎರಡು ವರ್ಷವಾಯಿತು, ಗ್ಯಾಸು ಬದಲಾಯಿಸಬೇಕು" ಎನ್ನುವವನ ಮಾತಿಗೆ ಆಧಾರವಿಲ್ಲವೆಂಬುದು ತಾನಾಗಿಯೇ ಗೊತ್ತಾಗುತ್ತದೆ.

ಹಾಗಾದರೆ ಸೋರುವುದೆಲ್ಲಿ? ಒಳಗಿನ ಘಟಕಕ್ಕೂ ಹೊರಗಿನ ಘಟಕಕ್ಕೂ ನಡುವೆ ಇರುವ ತಾಮ್ರದ ಕೊಳವೆಗಳನ್ನು, ಅವುಗಳ ಬಾಯಿಯನ್ನು ಅಗಲಿಸಿ ಹಿತ್ತಾಳೆಯ ನಟ್ಟುಗಳಿಂದ ಬಿಗಿದಿರುತ್ತಾರೆ. ಆ ಬಾಯಿ ಓರೆಯಾಗಿದ್ದರೆ, ಸೀಳಿದ್ದರೆ, ನಟ್ಟು ಸಡಿಲವಾಗಿಯೋ ಅತಿ ಬಿಗಿಯಾಗಿಯೋ ಇದ್ದರೆ, ಶೀತಕವು ಅಲ್ಲಿಂದ ಕೂದಲೆಳೆಯಷ್ಟು ಸಂದಿನಲ್ಲಿ ನುಸುಳುತ್ತದೆ. ಎರಡನೆಯ ಸ್ಥಳ ಬೆಸುಗೆಗಳು. ಕಂಪ್ರೆಸರಿನ ಅದುರುವಿಕೆಯಿಂದ ಅವು ಕಾಲಕ್ರಮದಲ್ಲಿ ಬಿರಿಯುತ್ತವೆ. ಮೂರನೆಯದು ಸುರುಳಿಯೇ. ಮಂಗಳೂರು ಕಾರವಾರಗಳಂಥ ಕರಾವಳಿಯ ಉಪ್ಪುಗಾಳಿ ಹೊರಗಿನ ಘಟಕವನ್ನು ತಿನ್ನುತ್ತದೆ. ತೆರೆದ ಚರಂಡಿಯಿಂದೇಳುವ ಗಂಧಕಯುಕ್ತವಾದ ಆವಿಯು ತಾಮ್ರವನ್ನು ಕಪ್ಪಾಗಿಸಿ ಕೊರೆಯುತ್ತದೆ. ವಾರ್ನಿಷು ಮತ್ತು ಕೆಲವು ಶುಚಿಕಾರಕಗಳಿಂದ ಹೊರಡುವ ಆಮ್ಲದ ಆವಿಯೂ ಒಳಗಿನ ಸುರುಳಿಯಲ್ಲಿ ಇರುವೆಗೂಡಿನಂಥ ಸೂಕ್ಷ್ಮ ಬಿಲಗಳನ್ನು ಮಾಡುತ್ತದೆ. ಇವುಗಳಲ್ಲಿ ಮೊದಲನೆಯದು ಸಂಪೂರ್ಣವಾಗಿ ಮನುಷ್ಯನ ಕೈಕೆಲಸಕ್ಕೆ ಸೇರಿದ್ದು. ಕೂಡಿಸುವ ದಿನ ಇನ್ನೊಂದು ಗಂಟೆಯ ಶ್ರದ್ಧೆ ವಹಿಸಿದ್ದರೆ ವರ್ಷಗಳ ತೊಂದರೆ ತಪ್ಪುತ್ತದೆ.

ಸೋರಿಕೆಯ ಲಕ್ಷಣಗಳನ್ನು ಮನೆಯವರೇ ಗುರುತಿಸಬಹುದು. ಯಂತ್ರವು ಎಷ್ಟು ಹೊತ್ತು ನಡೆದರೂ ಕೋಣೆ ಬೇಕಾದಷ್ಟು ತಣ್ಣಗಾಗದಿರುವುದು, ಒಳಗಿನ ಸುರುಳಿಯ ಮೇಲೋ ಹೊರಗಿನ ಸಣ್ಣ ಕೊಳವೆಯ ಮೇಲೋ ಮಂಜು ಕಟ್ಟುವುದು, ಕೂಡುಗೆಗಳ ಸುತ್ತ ಎಣ್ಣೆಯ ಜಿಡ್ಡು ಕಾಣುವುದು, ಬುಸುಗುಟ್ಟುವ ಸಣ್ಣ ಸದ್ದು, ಮತ್ತು ವಿದ್ಯುತ್ತಿನ ಬಿಲ್ಲು ಏರುವುದು, ಇವು ಮುಖ್ಯವಾದವು. ಶೀತಕದ ಜೊತೆಗೆ ಕಂಪ್ರೆಸರಿನ ಎಣ್ಣೆಯೂ ಕೊಳವೆಗಳಲ್ಲಿ ಸಂಚರಿಸುವುದರಿಂದ ಜಿಡ್ಡಿನ ಕಲೆಯು ಒಳ್ಳೆಯ ಸಾಕ್ಷಿ. ಆದರೆ ಇಲ್ಲಿ ಎಚ್ಚರಿಕೆ ಬೇಕು. ತಂಪು ಕಡಮೆಯಾದುದಕ್ಕೆಲ್ಲ ಸೋರಿಕೆಯೇ ಕಾರಣವಲ್ಲ. ಧೂಳು ತುಂಬಿದ ಜಾಲರಿ, ಕೊಳೆ ಕಟ್ಟಿದ ಹೊರ ಸುರುಳಿ, ನಿಂತುಹೋದ ಪಂಖ, ಕೆಟ್ಟ ಕೆಪಾಸಿಟರು, ಇವುಗಳಿಂದಲೂ ಹಾಗೆಯೇ ಆಗುತ್ತದೆ; ಜಾಲರಿ ಮುಚ್ಚಿಹೋದರೂ ಸುರುಳಿಯ ಮೇಲೆ ಮಂಜು ಕಟ್ಟುತ್ತದೆ. ಮೊದಲು ಜಾಲರಿಯನ್ನು ತೊಳೆದು ನೋಡದೆ ಸಿಲಿಂಡರು ತರಿಸುವುದು, ಹೊಟ್ಟೆನೋವೆಂದವನಿಗೆ ನಾಡಿ ಹಿಡಿಯದೆ ಔಷಧ ಕೊಟ್ಟಂತೆ.

ಸೋರಿಕೆಯನ್ನು ಮುಚ್ಚದೆ ಶೀತಕವನ್ನು ತುಂಬುವುದು ತೂತುಕೊಡಕ್ಕೆ ನೀರು ಹೊಯ್ಯುವ ಕೆಲಸವೆಂದು ಬೇರೆ ಹೇಳಬೇಕಾಗಿಲ್ಲ. ನಷ್ಟವು ಸಿಲಿಂಡರಿನ ಬೆಲೆಯಲ್ಲಿಯೇ ಮುಗಿದರೆ ಸಹಿಸಬಹುದಾಗಿತ್ತು. ಶೀತಕ ಕಡಮೆಯಾದ ಯಂತ್ರವು ಅಷ್ಟೇ ತಂಪಿಗೆ ಹೆಚ್ಚು ಹೊತ್ತು ದುಡಿಯುತ್ತದೆ, ಬಿಲ್ಲು ಬೆಳೆಯುತ್ತದೆ. ಇಷ್ಟೇ ಅಲ್ಲದೆ, ಕೋಣೆಯಿಂದ ಹಿಂದಿರುಗುವ ತಣ್ಣನೆಯ ಆವಿಯೇ ಕಂಪ್ರೆಸರಿನ ಮೋಟಾರನ್ನು ತಂಪಾಗಿಡುವುದಾದ್ದರಿಂದ, ಆವಿ ಕಡಮೆಯಾದರೆ ಮೋಟಾರು ಕಾದು ಕೊನೆಗೊಮ್ಮೆ ಸುಟ್ಟೇ ಹೋಗುತ್ತದೆ. ಆಗ ಯಂತ್ರದ ಅತ್ಯಂತ ಬೆಲೆಬಾಳುವ ಅಂಗವನ್ನೇ ಬದಲಾಯಿಸಬೇಕಾಗುತ್ತದೆ.

ಸರಿಯಾದ ಕ್ರಮವೆಂಬುದೊಂದಿದೆ. ಯಂತ್ರದೊಳಗೆ ಉಳಿದ ಶೀತಕವನ್ನು ಗಾಳಿಗೆ ಬಿಡದೆ ಬೇರೆ ಸಿಲಿಂಡರಿಗೆ ತೆಗೆದುಕೊಳ್ಳಬೇಕು. ಬಳಿಕ ಒಣ ನೈಟ್ರೋಜನನ್ನು ಒತ್ತಡದಿಂದ ತುಂಬಿ, ಕೂಡುಗೆಗಳಿಗೆ ಸಾಬೂನಿನ ನೊರೆ ಹಚ್ಚಿ, ಗುಳ್ಳೆಯೇಳುವುದೆಲ್ಲಿ ಎಂದು ಹುಡುಕಬೇಕು. ಈ ಪರೀಕ್ಷೆಗೆ ಆಮ್ಲಜನಕವನ್ನು ಮಾತ್ರ ಎಂದಿಗೂ ಬಳಸಕೂಡದು. ಅದು ಎಣ್ಣೆಯೊಡನೆ ಸೇರಿ ಸಿಡಿದು ಪ್ರಾಣ ತೆಗೆಯುತ್ತದೆ. ಸೋರುವ ಜಾಗವನ್ನು ದುರಸ್ತಿಮಾಡಿ ಒತ್ತಡವು ಇಳಿಯದೆ ನಿಲ್ಲುವುದನ್ನು ನೋಡಿದ ಮೇಲೆ, ನಿರ್ವಾತ ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ಪೂರ್ತಿಯಾಗಿ ಹೊರತೆಗೆಯಬೇಕು. ಒಳಗುಳಿದ ತೇವವು ಎಣ್ಣೆಯೊಡನೆ ಸೇರಿ ಆಮ್ಲವಾಗಿ ಯಂತ್ರವನ್ನು ಒಳಗಿನಿಂದಲೇ ತಿನ್ನುತ್ತದೆ. ಕಡೆಗೆ ಯಂತ್ರದ ಫಲಕದ ಮೇಲೆ ಮುದ್ರಿಸಿರುವ ಹೆಸರಿನ ಶೀತಕವನ್ನೇ, ಮುದ್ರಿಸಿರುವಷ್ಟೇ ತೂಕಕ್ಕೆ, ತಕ್ಕಡಿಯಲ್ಲಿ ತೂಗಿ ತುಂಬಬೇಕು. ಕೈಯಿಂದ ಕೊಳವೆಯನ್ನು ಮುಟ್ಟಿ "ಸಾಕು" ಎನ್ನುವುದು ತೂಕವಲ್ಲ. ಹೆಚ್ಚಾದರೂ ಕೇಡೇ, ಕಡಮೆಯಾದರೂ ಕೇಡೇ.

ಹೆಸರಿನ ವಿಷಯದಲ್ಲಿ ಅಜಾಗರೂಕತೆ ಪ್ರಾಣಕ್ಕೂ ಅಪಾಯಕರ. ಹಳೆಯ ಯಂತ್ರಗಳ ಆರ್-22 ಉರಿಯುವುದಿಲ್ಲ. ಆರ್-32 ಅಲ್ಪವಾಗಿ ಉರಿಯುವಂಥದು. ಅದರ ಒತ್ತಡವೂ ಆರ್-22ರದಕ್ಕಿಂತ ಒಂದೂವರೆ ಪಟ್ಟಿಗೂ ಮಿಗಿಲು. ಆರ್-290 ಎಂಬುದು ಪ್ರೋಪೇನೇ ಆದ್ದರಿಂದ ಅಡುಗೆಯ ಅನಿಲದಂತೆ ಹೊತ್ತಿಕೊಳ್ಳುತ್ತದೆ. ಆರ್-290ಕ್ಕೆಂದೇ ರಚಿಸಿದ ಯಂತ್ರದಲ್ಲಿ ಅದರ ಪ್ರಮಾಣವನ್ನು ಮಿತಿಯಲ್ಲಿಟ್ಟು ಕಿಡಿಗೆ ಎಡೆಯಿಲ್ಲದಂತೆ ಮಾಡಿರುತ್ತಾರೆ. ಅಗ್ಗವೆಂದು ಅದನ್ನೇ ಹಳೆಯ ಆರ್-22 ಯಂತ್ರಕ್ಕೆ ತುಂಬುವುದು ಮನೆಯಲ್ಲಿ ಕೊಳ್ಳಿ ಇಟ್ಟುಕೊಂಡಂತೆ. ಈ ಶೀತಕಗಳೆಲ್ಲ ಗಾಳಿಗಿಂತ ಭಾರ. ಮುಚ್ಚಿದ ಸಣ್ಣ ಕೋಣೆಯಲ್ಲಿ ಬಹಳವಾಗಿ ಸೋರಿದರೆ ಉಸಿರಾಟದ ಗಾಳಿಯನ್ನೇ ದೂಡಿಬಿಡುತ್ತವೆ. ಆರ್-22, ಆರ್-32 ಮೊದಲಾದುವು ಬೆಂಕಿಗೆ ತಾಗಿದರೆ ವಿಷವಾಯುಗಳು ಹುಟ್ಟುತ್ತವೆ. ರಭಸದಿಂದ ಸೋರುವ ಸದ್ದು ಕೇಳಿದರೆ ಕಿಟಕಿ ಬಾಗಿಲುಗಳನ್ನು ತೆರೆದು, ಹತ್ತಿರ ದೀಪ, ಊದುಬತ್ತಿ, ಒಲೆ ಯಾವುದನ್ನೂ ಹಚ್ಚದೆ, ಸಾಧ್ಯವಾದರೆ ಕೋಣೆಯ ಹೊರಗಿನ ಸ್ವಿಚ್ಚಿನಿಂದಲೇ ಯಂತ್ರದ ವಿದ್ಯುತ್ತನ್ನು ತಪ್ಪಿಸಿ, ಮನೆಯವರು ಹೊರಗೆ ಬರುವುದು ಲೇಸು.

ಇದುವರೆಗೆ ಹೇಳಿದ್ದು ಮನೆಯ ಲೆಕ್ಕ. ಸೋರಿದ್ದು ಮನೆಯಾಚೆ ಏನು ಮಾಡುತ್ತದೆಂಬುದನ್ನೂ ನೋಡಬೇಕು. ಶೀತಕಗಳ ಚರಿತ್ರೆಯೆಲ್ಲವೂ ಸೋರಿಕೆಯ ಚರಿತ್ರೆಯೇ ಆಗಿದೆ. 1920ರ ದಶಕದಲ್ಲಿ ಪಾಶ್ಚಾತ್ಯರ ಮನೆಗಳಲ್ಲಿದ್ದ ಶೈತ್ಯಪೆಟ್ಟಿಗೆಗಳಲ್ಲಿ ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಮುಂತಾದ ವಿಷಗಳಿದ್ದುವು. ಅವು ಸೋರಿ ಜನರು ಸತ್ತರು. ಐನ್‌ಸ್ಟೈನ್ ಮತ್ತು ಸಿಲಾರ್ಡ್ ಎಂಬ ಮಹಾವಿಜ್ಞಾನಿಗಳೇ ಚಲಿಸುವ ಭಾಗಗಳಿಲ್ಲದ ಶೈತ್ಯಯಂತ್ರವೊಂದನ್ನು ಕಲ್ಪಿಸಿ 1930ರಲ್ಲಿ ಅಮೆರಿಕದ ಪೇಟೆಂಟು ಪಡೆದರು. ಅಷ್ಟರಲ್ಲಿ ಥಾಮಸ್ ಮಿಜ್ಲಿ ಎಂಬ ಅಮೆರಿಕದ ರಸಾಯನಜ್ಞನೂ ಅವನ ಸಂಗಡಿಗರೂ 1928ರಲ್ಲಿ ಕ್ಲೋರೋಫ್ಲೋರೋಕಾರ್ಬನ್ ಎಂಬ ಜಾತಿಯ ಶೀತಕವನ್ನು ಸಿದ್ಧಪಡಿಸಿದ್ದರು. ಅದು ವಿಷವಲ್ಲ, ಉರಿಯುವುದಿಲ್ಲ ಎಂದು ತೋರಿಸಲು ಮಿಜ್ಲಿಯು 1930ರಲ್ಲಿ ವಿದ್ವತ್ಸಭೆಯೊಂದರ ಮುಂದೆ ಅದನ್ನು ತಾನೇ ಉಸಿರಿನಲ್ಲಿ ಎಳೆದುಕೊಂಡು ಮೇಣದಬತ್ತಿಯನ್ನು ಊದಿ ಆರಿಸಿದನು. ಮನೆಗೆ ನಿರಪಾಯಕಾರಿಯಾದ ಆ ವಸ್ತುವು ಆಕಾಶಕ್ಕೆ ಅಪಾಯಕಾರಿಯೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ತೋರಿಸಿಕೊಟ್ಟರು. ಅದರ ಕ್ಲೋರಿನ್, ಮೇಲಿನ ವಾಯುಮಂಡಲದ ಓಜೋನ್ ಪದರವನ್ನು ತಿನ್ನುತ್ತಿತ್ತು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ದಕ್ಷಿಣ ಧ್ರುವದ ಮೇಲೆ ಓಜೋನಿನ ಭಾರಿ ಕ್ಷಯವನ್ನು ಪ್ರಕಟಿಸಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತವು 1992ರಲ್ಲಿ ಅದನ್ನು ಸೇರಿತು. ಜಗತ್ತಿನ ರಾಷ್ಟ್ರಗಳೆಲ್ಲವೂ ಒಪ್ಪಿ ನಡೆಸುತ್ತಿರುವ ಆ ಒಪ್ಪಂದದ ಫಲವಾಗಿ ಓಜೋನ್ ಪದರವು ಮೆಲ್ಲಮೆಲ್ಲನೆ ಚೇತರಿಸಿಕೊಳ್ಳುತ್ತಿದೆ.

ಆದರೆ ಆ ಜಾತಿಯ ಬದಲಿಗೆ ಬಂದ ಶೀತಕಗಳಲ್ಲಿ ಬೇರೊಂದು ದೋಷ ಉಳಿದುಕೊಂಡಿದೆ. ಅವು ಭೂಮಿಯ ಶಾಖವನ್ನು ಕಂಬಳಿಯಂತೆ ಹಿಡಿದಿಡುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋಗ್ರಾಂ ಆರ್-22 ಸುಮಾರು 1,810 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-410ಎ ಸುಮಾರು 2,088ಕ್ಕೆ. ಆರ್-32 ಸುಮಾರು 675ಕ್ಕೆ. ಆರ್-290 ಒಂದೇ ಬೆರಳೆಣಿಕೆಯಷ್ಟಕ್ಕೆ ಸಮ. ಒಂದೂವರೆ ಟನ್ನಿನ ಯಂತ್ರವೊಂದರಲ್ಲಿ ಶೀತಕವು ಒಂದು ಕಿಲೋಗ್ರಾಮಿನ ಆಚೀಚೆ ಇರುತ್ತದೆ. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಉತ್ಪಾದನೆಗೆ ಸರಾಸರಿಯಲ್ಲಿ ಮುಕ್ಕಾಲು ಕಿಲೋಗ್ರಾಮಿನ ಸಮೀಪ ಡೈಆಕ್ಸೈಡು ಹೊರಡುತ್ತದೆಂದು ಇಟ್ಟುಕೊಂಡರೆ, ಒಂದು ಕಿಲೋಗ್ರಾಂ ಆರ್-32 ಸೋರಿದರೆ ಸುಮಾರು 900 ಯೂನಿಟ್ ವಿದ್ಯುತ್ತನ್ನು ಉರಿಸಿದಷ್ಟು ಹಾನಿ. ಆರ್-410ಎ ಆದರೆ ಅದರ ಮೂರರಷ್ಟು. ಹೆಚ್ಚು ನಕ್ಷತ್ರಗಳ ಯಂತ್ರವನ್ನು ಆರಿಸಿ ತಂದು, ಉಷ್ಣತೆಯನ್ನು 24 ಡಿಗ್ರಿಗೆ ನಿಲ್ಲಿಸಿ, ಮಿತವ್ಯಯ ಮಾಡಿದೆವೆಂದು ಸಮಾಧಾನಪಡುವ ಗೃಹಸ್ಥನು, ಸಡಿಲವಾದ ಒಂದು ನಟ್ಟಿನ ಸಂದಿನಲ್ಲಿ ಆ ಉಳಿತಾಯವನ್ನೆಲ್ಲ ಕಳೆದುಕೊಳ್ಳುತ್ತಿರಬಹುದು. ಬಿಸಿಲು ಹೆಚ್ಚಿತೆಂದು ಯಂತ್ರ ತಂದು, ಅದರ ಸೋರಿಕೆಯಿಂದ ಬಿಸಿಲನ್ನು ಇನ್ನಷ್ಟು ಹೆಚ್ಚಿಸುವುದು ಎಂಥ ವಿವೇಕ?

ಈ ಕಾರಣದಿಂದಲೇ 2016ರಲ್ಲಿ ರುವಾಂಡದ ಕಿಗಾಲಿಯಲ್ಲಿ ಸೇರಿದ ರಾಷ್ಟ್ರಗಳು ಮಾಂಟ್ರಿಯಲ್ ಒಪ್ಪಂದವನ್ನು ತಿದ್ದಿ, ಇಂಥ ಶೀತಕಗಳನ್ನೂ ಕ್ರಮೇಣ ಇಳಿಸಲು ನಿಶ್ಚಯಿಸಿದವು. ಭಾರತವು 2021ರಲ್ಲಿ ಅದಕ್ಕೆ ಸಮ್ಮತಿಯಿತ್ತು, 2032ರಿಂದ ಆರಂಭಿಸಿ 2047ರ ವೇಳೆಗೆ ಶೇಕಡ 85ರಷ್ಟನ್ನು ಇಳಿಸಲು ಒಪ್ಪಿಕೊಂಡಿದೆ. ನಮ್ಮಲ್ಲಿಯೇ 2012ರಿಂದ ಆರ್-290ರ ಎ.ಸಿ.ಗಳು ತಯಾರಾಗುತ್ತಿವೆ. 2019ರಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ಶೈತ್ಯ ಕಾರ್ಯಯೋಜನೆಯಲ್ಲಿ, ದುರಸ್ತಿಯ ಕೆಲಸಗಾರರಲ್ಲಿ ಒಂದು ಲಕ್ಷ ಜನರಿಗೆ ಶಿಕ್ಷಣವನ್ನೂ ಪ್ರಮಾಣಪತ್ರವನ್ನೂ ಕೊಡುವ ಗುರಿಯನ್ನು ಇಟ್ಟುಕೊಳ್ಳಲಾಗಿತ್ತು. ಇವೆಲ್ಲ ಶ್ಲಾಘನೀಯ. ಆದರೆ ದೆಹಲಿಯ ಯೋಜನೆಗೂ ನಮ್ಮ ಬೀದಿಯ ಸಿಲಿಂಡರಿಗೂ ನಡುವೆ ಇರುವ ಅಂತರವು ಇನ್ನೂ ದೊಡ್ಡದಾಗಿದೆ. 2047ರ ಗುರಿಯನ್ನು ಕುರಿತು ಭಾಷಣಮಾಡುವುದಕ್ಕಿಂತ, ಈ ವರ್ಷದ ಬೇಸಿಗೆಯಲ್ಲಿ ಸೋರುವುದನ್ನು ನಿಲ್ಲಿಸುವುದು ಮೊದಲ ಕೆಲಸ.

ಇದರಲ್ಲಿ ತಪ್ಪೆಲ್ಲ ಮೆಕ್ಯಾನಿಕನದೆಂದು ಹೇಳುವುದು ನ್ಯಾಯವಲ್ಲ. ಮೂರನೆಯ ಅಂತಸ್ತಿನ ಗೋಡೆಗೆ ಬಡಿದ ಕಬ್ಬಿಣದ ಪಟ್ಟಿಯ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ, ಸೊಂಟಕ್ಕೊಂದು ಹಗ್ಗವೂ ಇಲ್ಲದೆ ಕುಳಿತು ದುಡಿಯುವ ತರುಣರನ್ನು ಯಾವ ಊರಿನಲ್ಲಿಯೂ ಕಾಣಬಹುದು. ಹೋದ ಮನೆಗಳ ಲೆಕ್ಕದ ಮೇಲೆ ಅವರ ಸಂಪಾದನೆ. ಸೋರಿಕೆಯನ್ನು ಹುಡುಕಲು ಅರ್ಧ ದಿನ ಬೇಕೆಂದರೆ, ನೈಟ್ರೋಜನಿಗೂ ನಿರ್ವಾತ ಪಂಪಿಗೂ ಪ್ರತ್ಯೇಕ ಹಣವಾಗುತ್ತದೆಂದರೆ, "ಅದೆಲ್ಲ ಬೇಡಪ್ಪ, ಗ್ಯಾಸು ಹಾಕಿ ಹೋಗು" ಎನ್ನುವವರು ನಾವೇ. ಶ್ರದ್ಧೆಯಿಂದ ಕೆಲಸಮಾಡುವವನು ದುಬಾರಿಯೆನಿಸಿಕೊಂಡು ಗಿರಾಕಿಗಳನ್ನು ಕಳೆದುಕೊಳ್ಳುತ್ತಾನೆ. ತೂತನ್ನು ಹಾಗೆಯೇ ಬಿಟ್ಟು ಹೋಗುವವನಿಗೆ ಮರುವರ್ಷವೂ ಕೆಲಸ ಸಿಗುತ್ತದೆ. ಅಪ್ರಾಮಾಣಿಕತೆಗೆ ಬಹುಮಾನವನ್ನೂ ಪ್ರಾಮಾಣಿಕತೆಗೆ ದಂಡವನ್ನೂ ವಿಧಿಸುವ ಈ ಏರ್ಪಾಟು ಬದಲಾಗದೆ ಬರಿಯ ಉಪದೇಶದಿಂದ ಪ್ರಯೋಜನವಿಲ್ಲ.

ಆದಕಾರಣ ಸರಕಾರದವರ ಮುಂದೆ ಮೂರು ಸೂಚನೆಗಳನ್ನಿಡುತ್ತೇವೆ. ಮೊದಲನೆಯದಾಗಿ, ಶೀತಕದ ಸಿಲಿಂಡರನ್ನು ಶಿಕ್ಷಣ ಪಡೆದು ಪ್ರಮಾಣಪತ್ರ ಹೊಂದಿದವರಿಗಲ್ಲದೆ ಮಾರಕೂಡದೆಂದು ನಿಯಮವಾಗಲಿ. ಅಮೆರಿಕದಲ್ಲಿ ಓಜೋನಿಗೆ ಕೇಡುಮಾಡುವ ಶೀತಕಗಳನ್ನು ಬೇಕೆಂದು ಗಾಳಿಗೆ ಬಿಡುವುದನ್ನು 1992ರಲ್ಲಿಯೇ ನಿಷೇಧಿಸಿದರು. ಐರೋಪ್ಯ ಒಕ್ಕೂಟವೂ ಕೆಲಸಗಾರರಿಗೆ ಪ್ರಮಾಣಪತ್ರವನ್ನು ಕಡ್ಡಾಯಮಾಡಿದೆ. ಆದರೆ ಶಿಕ್ಷಣವನ್ನು ಸುಲಭಗೊಳಿಸದೆ ನಿಯಮವನ್ನು ಮಾತ್ರ ಹೇರಿದರೆ ಬಡ ಕೆಲಸಗಾರರ ಹೊಟ್ಟೆಯ ಮೇಲೆ ಹೊಡೆದಂತಾಗುವುದು. ಪ್ರತಿ ಜಿಲ್ಲೆಯ ಐ.ಟಿ.ಐ.ಗಳಲ್ಲಿ, ಕೆಲಸ ಕಡಮೆಯಿರುವ ಮಳೆಗಾಲದ ತಿಂಗಳುಗಳಲ್ಲಿ, ಕನ್ನಡದಲ್ಲಿ, ಅಲ್ಪ ಶುಲ್ಕದಲ್ಲಿ ಈ ಶಿಕ್ಷಣ ದೊರೆಯಬೇಕು. ಎರಡನೆಯದಾಗಿ, ಹಳೆಯ ಯಂತ್ರವನ್ನು ಗುಜರಿಗೆ ಹಾಕುವಾಗ ಕೊಳವೆಯನ್ನು ಕತ್ತರಿಸಿ ಶೀತಕವನ್ನೆಲ್ಲ ಗಾಳಿಗೆ ಬಿಡುವ ಪದ್ಧತಿ ನಿಲ್ಲಬೇಕು. ವಿದ್ಯುನ್ಮಾನ ತ್ಯಾಜ್ಯದ 2022ರ ನಿಯಮಗಳಲ್ಲಿ ಎ.ಸಿ.ಗಳೂ ಸೇರಿವೆ, ಅವು ಗುಜರಿ ಅಂಗಡಿಯವರೆಗೂ ತಲಪಬೇಕು. ಮೂರನೆಯದು ನಮ್ಮ ವಾಚಕರಾದ ಅಧಿಕಾರಿಗಳ ಕೈಯಲ್ಲಿಯೇ ಇದೆ. ಕಚೇರಿ, ಆಸ್ಪತ್ರೆ, ಕಾಲೇಜುಗಳ ಯಂತ್ರಗಳ ವಾರ್ಷಿಕ ನಿರ್ವಹಣೆಯ ಕರಾರಿನಲ್ಲಿ, ಸೋರಿಕೆಯನ್ನು ಪತ್ತೆಹಚ್ಚಿ ಮುಚ್ಚಿದ ವರದಿಯಿಲ್ಲದೆ ಶೀತಕ ತುಂಬಿದ ಬಿಲ್ಲಿಗೆ ಹಣ ಕೊಡಲಾಗದೆಂಬ ಒಂದು ವಾಕ್ಯವನ್ನು ಬರೆದರೆ ಸಾಕು. ಇದಕ್ಕೆ ಹೊಸ ಶಾಸನವೂ ಬೇಡ, ಹೊಸ ಇಲಾಖೆಯೂ ಬೇಡ.

ಮಹಾಜನರಿಗೆ ನಮ್ಮ ವಿಜ್ಞಾಪನೆಯೂ ಅಷ್ಟೇ ಸಣ್ಣದು. ಮುಂದಿನ ಸಲ ಸಿಲಿಂಡರು ಮನೆಬಾಗಿಲಿಗೆ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ಸೋರುತ್ತಿರುವುದೆಲ್ಲಿ? ಅದನ್ನು ಮುಚ್ಚಿದ್ದನ್ನು ತೋರಿಸುವೆಯಾ? ನಿರ್ವಾತ ಪಂಪು ತಂದಿದ್ದೀಯಾ? ಫಲಕದಲ್ಲಿರುವ ಶೀತಕವನ್ನೇ ತೂಗಿ ಹಾಕುವೆಯಾ? ಉತ್ತರ ಸರಿಯಾಗಿದ್ದರೆ ಅವನು ಕೇಳುವ ನ್ಯಾಯವಾದ ಕೂಲಿಯನ್ನು ಚೌಕಾಶಿ ಮಾಡದೆ ಕೊಡಿರಿ. ಬಿಲ್ಲಿನ ಮೇಲೆ ಶೀತಕದ ಹೆಸರನ್ನೂ ತೂಕವನ್ನೂ ಬರೆಯಿಸಿ ಇಟ್ಟುಕೊಳ್ಳಿರಿ. ಉತ್ತರವಿಲ್ಲದಿದ್ದರೆ ಸಿಲಿಂಡರನ್ನು ಹಿಂದಕ್ಕೆ ಕಳುಹಿಸಿರಿ. ಎರಡು ದಿನ ಕಿಟಕಿ ತೆರೆದುಕೊಂಡು ಮಲಗಿ ಒಳ್ಳೆಯ ಕೆಲಸಗಾರನಿಗಾಗಿ ಕಾಯುವುದು, ಪ್ರತಿ ವರ್ಷವೂ ಹಣವನ್ನು ಗಾಳಿಗೆ ತೂರುವುದಕ್ಕಿಂತ ಲೇಸೆಂದು ನಾವು ನಂಬಿದ್ದೇವೆ.